ಸಣ್ಣಿ ಒತ್ತಿ ಹೇಳಿದ್ದು

"ಇನ್ನೊಂದು ಸಲ ಹೇಳಿ ಅಜ್ಜಿ. 'ನಾನು ಹೊರುತ್ತೇನೆ.' ನಿಮ್ಮ ಹಾಡಿಯ ಮಾತಿನಲ್ಲಿ."

ಕಾಫಿ ತೋಟದ ಕೂಲಿಯವರ ಲೈನ್ ಮನೆಯ ಜಗಲಿಯಲ್ಲಿ ಗೋಡೆಗೆ ಒರಗಿದ್ದ ಸಣ್ಣಿ ಕಣ್ಣು ತೆರೆಯದೆಯೇ ಹೇಳಿದಳು. ಪಿಕಿಂಗ್ ಮುಗಿಸಿ ಆಗಷ್ಟೇ ಬಂದಿದ್ದಳು. ಬೆರಳುಗಳು ಇನ್ನೂ ಕಾಫಿ ಹಣ್ಣಿನ ಅಂಟಿನಿಂದ ಕಪ್ಪಾಗಿದ್ದವು. ನೆಲದ ಮೇಲಿದ್ದ ಮೊಬೈಲಿನಲ್ಲಿ ಅವಳ ದನಿ ದಾಖಲಾಯಿತು. ಕೊನೆಯ ಅಕ್ಷರದ ಮೇಲೆ ಒತ್ತು, ಮಳೆಗಾಲದಲ್ಲಿ ಮೊದಲ ಸಲ ದಾಖಲಿಸಿಕೊಂಡಾಗ ಹೇಳಿದ ಹಾಗೆಯೇ.

ಹೇಳಿಸುತ್ತಿದ್ದ ದೀಕ್ಷಿತಾಳಿಗೂ ದಣಿವಾಗಿತ್ತು. ಕಾಲೇಜಿನಲ್ಲಿ ಪಾಠ ಹೇಳಿ ಮುಗಿಸಿ, ಬಸ್ಸು ಬದಲಿಸಿ ಅಮ್ಮತ್ತಿಯ ಈ ತೋಟಕ್ಕೆ ಬಂದಿದ್ದಳು. ಕಾಡಂಚಿನ ಹಾಡಿಗಳ ಕುರುಬರ ಮಾತನ್ನೆಲ್ಲ ಹೋಲಿಸಿ, ಅವರ ಪೂರ್ವಿಕರು 'ಹೊರು' ಎಂಬ ಒಂದೇ ಕ್ರಿಯಾಪದವನ್ನು ಹೇಗೆಲ್ಲ ಬಳಸುತ್ತಿದ್ದರು, ಎಲ್ಲಿ ಒತ್ತಿ ನುಡಿಯುತ್ತಿದ್ದರು ಎಂದು ತೋರಿಸುವುದು ಅವಳ ಪ್ರಬಂಧ. ಉಳಿದ ಹಿರಿಯರೆಲ್ಲ ಮೊದಲ ಅಕ್ಷರವನ್ನು ಒತ್ತುತ್ತಿದ್ದರು, ಸಣ್ಣಿಯೊಬ್ಬಳೇ ಕೊನೆಯದನ್ನು. ಹಳೆಯ ರೂಪ ಇವಳ ಬಾಯಲ್ಲಿ ಮಾತ್ರ ಉಳಿದಿದೆ ಎಂಬ ನಂಬಿಕೆಯ ಮೇಲೆ ಪ್ರಬಂಧವೆಲ್ಲ ನಿಂತಿತ್ತು. ಸೋಮವಾರ ಸಲ್ಲಿಸಬೇಕು. ಇನ್ನು ಸಮಯ ಕೊಡುವುದಿಲ್ಲವೆಂದು ವಿಶ್ವವಿದ್ಯಾಲಯ ತಿಳಿಸಿಯಾಗಿತ್ತು.

ಸೌದೆ ಹೊತ್ತು ಬಂದ ಮೊಮ್ಮಗಳು ರಶ್ಮಿತಾ ಅಂಗಳದಲ್ಲಿ ಮುಗ್ಗರಿಸಿದಳು. ಅದನ್ನು ಇಳಿಸು, ನಾನು ಹೊರುತ್ತೇನೆ ಎಂದು ಸಣ್ಣಿ ತನ್ನ ಮಾತಿನಲ್ಲಿ ಕೂಗಿದಳು. ಒತ್ತು ಮೊದಲ ಅಕ್ಷರದ ಮೇಲೆ ಬಿದ್ದಿತ್ತು.

"ಅಜ್ಜಿ, ಈಗ ಬೇರೆ ಥರ ಹೇಳಿದ್ರಲ್ಲ?"

"ನಾವು ಹೇಳೋದೇ ಹಂಗೆ ಕಣವ್ವ."

"ಮತ್ತೆ ನಂಗೆ ಹೇಳಿದ್ದು?"

"ಅದು ಅಜ್ಜೀದು ರೇಡಿಯೋ ಮಾತು ಟೀಚರ್, ನಿಮ್ಮ ಮೊಬೈಲಿಗೆ ಮಾತ್ರ," ಎಂದು ರಶ್ಮಿತಾ ನಗುತ್ತ ಒಳಗೆ ಹೋದಳು.

ಸಣ್ಣಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಮಳೆಗಾಲ್ದಲ್ಲಿ ಮೊದ್ಲು ಸರಿಯಾಗೇ ಹೇಳಿದ್ದೆ. ನೀನು ಇನ್ನೊಂದ್ಸಲ, ಇನ್ನೊಂದ್ಸಲ ಅಂದೆ. ತಪ್ಪಾಯ್ತೇನೋ ಅಂತ ಕೊನೇಲಿ ಒತ್ತಿದೆ. ಆಗ ನಿನ್ನ ಮುಖ ನೋಡ್ಬೇಕಿತ್ತು, ಹೆಂಗೆ ಅರಳ್ತು! ನೀನು ಅಷ್ಟು ದೂರದಿಂದ ನೆಂದ್ಕೊಂಡು ಬಂದಿದ್ದೆ, ಪಾಪ. ಆಮೇಲೆ ಹಂಗೇ ಹೇಳ್ತಾ ಬಂದೆ."

ದೀಕ್ಷಿತಾ ಮೊಬೈಲಿನಲ್ಲಿದ್ದ ಹಳೆಯ ಮುದ್ರಣಗಳ ಪಟ್ಟಿ ತೆರೆದಳು. ಇಟ್ಟುಕೊಂಡಿದ್ದ ಧ್ವನಿಮುದ್ರಣಗಳಲ್ಲೆಲ್ಲ ಒತ್ತು ಕೊನೆಯಲ್ಲೇ ಇತ್ತು. ಸಲ್ಲಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ.

ರಶ್ಮಿತಾ ಎರಡು ಲೋಟ ಬೆಲ್ಲದ ಕಾಫಿ ತಂದು ಅಜ್ಜಿಯ ಪಕ್ಕದಲ್ಲಿಟ್ಟಳು.

"ಮುಖ ಯಾಕವ್ವ ಬಾಡಿಸ್ಕೊಂಡೆ? ನಿಂಗೆ ಯಾವ್ದು ಬೇಕು ಹೇಳು, ಹಂಗೇ ಹೇಳ್ತೀನಿ," ಎಂದಳು ಸಣ್ಣಿ.

ದೀಕ್ಷಿತಾ ಮೊಬೈಲನ್ನು ಮತ್ತೆ ಚಾಲೂ ಮಾಡಿ ಅವಳ ಹತ್ತಿರಕ್ಕೆ ಸರಿಸಿದಳು. ಎದ್ದು ಜಗಲಿಯ ಅಂಚಿಗೆ ಹೋಗಿ, ಅವಳಿಗೆ ಬೆನ್ನು ಮಾಡಿ ಕುಳಿತಳು. ದೂರದ ಕಣದಲ್ಲಿ ಒಣಹಾಕಿದ್ದ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಹೊದಿಸುತ್ತಿದ್ದರು.

"ಮೊದಲಿಂದ ಹೇಳಿ ಅಜ್ಜಿ. ನಾನು, ನೀನು, ಅವನು, ಅವಳು. ಎಲ್ಲಾ."

"ಹಿಂಗೆ ಮುಖಾನೇ ಕಾಣ್ದಂಗೆ ಕೂತ್ರೆ ಸರಿಯಾಯ್ತಾ ಅಂತ ಹೆಂಗೆ ಗೊತ್ತಾಗುತ್ತೆ?"

"ಪರವಾಗಿಲ್ಲ, ಹೇಳಿ."

ಬೆನ್ನ ಹಿಂದೆ ಸಣ್ಣಿಯ ದನಿ ನಿಧಾನವಾಗಿ ಶುರುವಾಯಿತು. ನಡುವೆ ಒಮ್ಮೆ ನಿಂತಿತು. ಸಿಮೆಂಟು ನೆಲದ ಮೇಲೆ ಲೋಟವೊಂದು ಮೆಲ್ಲಗೆ ಜರುಗುತ್ತ ಬಂದು, ದೀಕ್ಷಿತಾಳ ಕೈಗೆ ಬಿಸಿಯಾಗಿ ತಾಗಿತು.