ಹೆಸರಿಲ್ಲದ ಖಾತೆ

ಬಣ್ಣದ ಕಾರ್ಖಾನೆಯ ಗ್ರಂಥಾಲಯಕ್ಕೆ ಅವಳೊಬ್ಬಳೇ ದಿಕ್ಕು. ಕಿಟಕಿಯಿಲ್ಲದ ಕೋಣೆ, ಗೋಡೆ ತುಂಬ ರಾಸಾಯನಿಕಗಳ ಕೈಪಿಡಿ, ಒಂದು ಕಂಪ್ಯೂಟರ್. ಕಾರ್ಖಾನೆಯ ಬಗ್ಗೆ ಜಾಲತಾಣಗಳಲ್ಲಿ ಜನ ಬರೆದದ್ದನ್ನು ಹೆಕ್ಕಿ, ಜೊಳ್ಳು ತೂರಿ, ಕಾಳನ್ನು ಮ್ಯಾನೇಜರ್‌ಗೆ ಕಳಿಸುವುದೂ ಅವಳ ಕೆಲಸವೇ. ಯಾವ ಬಣ್ಣ ಗೋಡೆಯಿಂದ ಕಿತ್ತು ಬರುತ್ತಿದೆ ಎಂಬುದು ಅಂಗಡಿಯವರಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು.

ಒಂದು ದಿನ ಹೆಸರಿಲ್ಲದ ಖಾತೆಯೊಂದು ಒಳಗಿನ ಸಂಗತಿಯನ್ನೇ ಬರೆಯಿತು. ಬಣ್ಣ ಕಲಸುವ ಕೋಣೆಯಲ್ಲಿ ಹೊಗೆ ಎಳೆಯುವ ಫ್ಯಾನು ಕೆಟ್ಟಿದೆ, ಹೆಂಗಸರು ತಲೆಸುತ್ತಿ ಬೀಳುತ್ತಿದ್ದಾರೆ ಎಂದು. ಬರೆದವರು ಯಾರೆಂದು ಪತ್ತೆ ಮಾಡಲು ಮ್ಯಾನೇಜರ್ ಅವಳಿಗೇ ಹೇಳಿದರು.

ಅವಳು ಮೊದಲು ಸಂಗತಿ ನಿಜವೇ ಎಂದು ನೋಡಿದಳು. ಬೇರೆ ಇಬ್ಬರು ಕೆಲಸಗಾರರೂ ಹಾಗೆಯೇ ದೂರಿದ್ದರು. ಯಾರೋ ಹಾಕಿದ್ದ ವಿಡಿಯೊದಲ್ಲಿ ಫ್ಯಾನು ನಿಂತೇ ಇತ್ತು. ಆಮೇಲೆ ಆ ಖಾತೆಯ ಹಳೆಯ ಬರಹಗಳಿಗೆ ಇಳಿದಳು. ಒಂದರಲ್ಲಿ ಹೀಗಿತ್ತು: “ಮೂಗಿರೋ ತನಕ ನೆಗಡಿ ಅಂತಾರೆ. ನಮಗೆ ಮೂಗೇ ಉಳಿಯೋ ಹಾಗಿಲ್ಲ.”

ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು. ಹೋದ ವಾರ ಊಟದ ಹೊತ್ತಿಗೆ ಅತ್ತಿಗೆ ಇದೇ ಮಾತು ಹೇಳಿ ತನ್ನನ್ನು ನಗಿಸಿದ್ದಳು. ಅತ್ತಿಗೆ ಕಲಸುವ ಕೋಣೆಯವಳು. ಅಣ್ಣ ತೀರಿಕೊಂಡ ಮೇಲೆ ಇವರಿಬ್ಬರೇ ಒಂದೇ ಮನೆಯಲ್ಲಿದ್ದರು.

ವರದಿಯಲ್ಲಿ ಅವಳು ಫ್ಯಾನಿನ ವಿಚಾರವನ್ನು ಸಾಕ್ಷಿ ಸಮೇತ ಬರೆದು, ಹೆಸರು ಬಿಟ್ಟಳು. ಮ್ಯಾನೇಜರ್ ಓದಿ ಪಕ್ಕಕ್ಕಿಟ್ಟರು.

“ಫ್ಯಾನು ಕೆಟ್ಟಿರೋದು ನಂಗೂ ಗೊತ್ತಮ್ಮ. ನಂಗೆ ಬೇಕಾಗಿರೋದು ಹೆಸರು. ನಿಮ್ಮ ಕೈಲಿ ಆಗದಿದ್ರೆ ಹೊರಗಿನವರಿಗೆ ಕೊಡ್ತೀನಿ.”

ಹೊರಗಿನವರು ಬಂದರೆ ಅತ್ತಿಗೆಯ ಹೆಸರು ಸಿಗಲು ಒಂದು ದಿನ ಸಾಕಿತ್ತು. ಆದ್ದರಿಂದ ತಾನೇ ಹುಡುಕುವುದಾಗಿ ಒಪ್ಪಿಕೊಂಡಳು.

ಸಂಜೆ ಮನೆಯಲ್ಲಿ ಎಲ್ಲವನ್ನೂ ಹೇಳಿದಳು. ತರಕಾರಿ ಹೆಚ್ಚುತ್ತಿದ್ದ ಅತ್ತಿಗೆಯ ಕೈ ನಿಂತಿತು.

“ಬರೆಯೋದು ಬಿಟ್ಬಿಡ್ಲಾ ಪುಟ್ಟಿ?”

“ಈಗ ಬಿಟ್ರೆ ನಾನೇ ಸುದ್ದಿ ಮುಟ್ಟಿಸಿದೆ ಅಂತಾರೆ. ಬರೀರಿ ಅತ್ತಿಗೆ. ನಿಮ್ಮ ಮಾತಲ್ಲಿ ಮಾತ್ರ ಬರೀಬೇಡಿ.”

ಅಲ್ಲಿಂದ ಮುಂದೆ ಆ ಖಾತೆಯ ಬರಹ ಸರ್ಕಾರಿ ಪ್ರಕಟಣೆಯಂತಾಯಿತು. ಹಳೆಯವುಗಳಲ್ಲಿ ಗುರುತು ಸಿಗುವಂಥವನ್ನು ಅತ್ತಿಗೆ ಒಂದೊಂದಾಗಿ ಅಳಿಸಿದಳು. ಮನೆಯಲ್ಲೂ ಅಳೆದು ತೂಗಿ ಮಾತಾಡತೊಡಗಿದಳು. ಬಾಯಿಗೆ ಬಂದದ್ದು ಬೆರಳಿಗೂ ಬಂದೀತೆಂಬ ಭಯ.

ಕೊನೆಗೆ ಆ ಬರಹ ಓದಿದ ಸರ್ಕಾರದ ತಪಾಸಣೆಯವರು ಬಂದರು; ಹೊಸ ಫ್ಯಾನು ತಿರುಗಿತು. ಅತ್ತಿಗೆಯ ತಲೆಸುತ್ತು ನಿಂತಿತು. ಮ್ಯಾನೇಜರ್‌ಗೆ ಮಾತ್ರ ಅವಮಾನ ಆರಲಿಲ್ಲ. ಈಗಲೂ ದಿನಾ ಗ್ರಂಥಾಲಯದ ಬಾಗಿಲಲ್ಲಿ ನಿಂತು ಹೆಸರು ಸಿಕ್ಕಿತೇ ಎಂದು ಕೇಳುತ್ತಾರೆ. ಹುಡುಕುತ್ತಿದ್ದೇನೆ ಎಂದು ಅವಳು ಹೇಳುತ್ತಾಳೆ, ಅವರು ಹೋಗುವ ತನಕ ಪರದೆಯಿಂದ ಕಣ್ಣು ಕೀಳುವುದಿಲ್ಲ.