ಸುಮ್ಮನೆ ಹಾರಿದ ಮೂರು ಸುತ್ತು

ಅಕ್ಕ ತಂಗಿ ಇಬ್ಬರಿಗೂ ಸ್ಕೇಟಿಂಗ್ ಕಲಿಸುವ ಮೇಡಂ ಹೇಳಿದ್ದು ಒಂದೇ ಮಾತು: ಇವತ್ತಿನ ಆಯ್ಕೆ ಸ್ಪರ್ಧೆಗೆ ಗಾಳಿಯಲ್ಲಿ ಎರಡೇ ಸುತ್ತು. ಮೂರು ಸುತ್ತಿ ನಿಂತರೆ ಅಂಕ ಹೆಚ್ಚು, ನಿಜ. ಆದರೆ ಐಸಿನ ಮೇಲೆ ಬಿದ್ದವರ ಮೂರಕ್ಕಿಂತ ನಿಂತವರ ಎರಡಕ್ಕೇ ಬೆಲೆ.

ಅಕ್ಕನಿಗೆ ಮೂರು ಸುತ್ತು ನಾಲ್ಕಕ್ಕೊಂದು ಸಲ ಕೂಡಿಬರುತ್ತಿತ್ತು. ತಂಗಿಗೆ ಅದಕ್ಕಿಂತ ಕಮ್ಮಿ. ಆದರೆ ತಂಗಿಯ ಎರಡು ಸುತ್ತನ್ನು ಕಣ್ಣು ಮುಚ್ಚಿಕೊಂಡು ನಂಬಬಹುದಿತ್ತು. ಅಕ್ಕನದಕ್ಕಿಂತ ಎತ್ತರ, ಇಳಿಯುವುದೂ ಸದ್ದಿಲ್ಲದೆ. ಇಬ್ಬರೂ ಮೇಡಂ ಹೇಳಿದ ಮಾತು ಕೇಳಿದರೆ ತಂಡದಲ್ಲಿ ಉಳಿದಿದ್ದ ಒಂದೇ ಒಂದು ಜಾಗ ತಂಗಿಗೆ. ಮನೆಯಲ್ಲಿ ಯಾರೂ ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಒಂದೇ ಡಬ್ಬಿಯ ಚಮಕಿಯನ್ನು ಇಬ್ಬರ ಉಡುಪಿಗೂ ಹೊಲಿದ ಅಮ್ಮ, ಯಾರಿಗೆ ಸಿಕ್ಕರೂ ನನಗೆ ಸರಿಯೇ ಎಂದಿದ್ದಳು. ಅಕ್ಕನಿಗೆ ಮುಂದಿನ ವರ್ಷ ತಂಡ ಸೇರುವ ವಯಸ್ಸು ಮೀರುತ್ತಿತ್ತು.

ಸ್ಪರ್ಧೆಗೆ ಮುಂಚೆ ಎಲ್ಲರೂ ಒಟ್ಟಿಗೆ ಐಸಿಗಿಳಿದು ವಾರ್ಮ್‌ಅಪ್ ಮಾಡುತ್ತಾರೆ. ಅದಕ್ಕೆ ಅಂಕವಿಲ್ಲ. ಆದರೆ ಎಲ್ಲರ ಕಣ್ಣೂ ಎಲ್ಲರ ಕಾಲ ಮೇಲೆ. ಎದುರಾಳಿಯ ಎದೆ ನಡುಗಲಿ ಎಂದು ಅಲ್ಲೇ ದೊಡ್ಡದೊಂದು ಜಂಪ್ ಹಾಕಿ ತೋರಿಸುವ ಚಾಳಿ ಈ ಮಂದಿಗೆ ಹೊಸದಲ್ಲ. ಅಕ್ಕನೂ ಹಾಕಿದಳು. ಮೂರು ಸುತ್ತು, ಪುಣ್ಯಕ್ಕೆ ನಿಂತಳು. ಬೇರೆ ಕ್ಲಬ್ಬಿನ ಉದ್ದಜಡೆಯ ಹುಡುಗಿಯನ್ನು ಹೆದರಿಸುವುದಕ್ಕೆ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳಲಿ ಬಿಡಿ. ನಿಂತ ಕೂಡಲೇ ಅವಳು ತಿರುಗಿ ನೋಡಿದ್ದು ಉದ್ದಜಡೆಯನ್ನಲ್ಲ, ತಂಗಿಯನ್ನು.

ತಂಗಿಯ ಸರದಿ ಮೊದಲು ಬಂತು. ಜಂಪಿನ ಹೊತ್ತಿಗೆ ಅವಳು ಎಂದಿಗಿಂತ ಜೋರಾಗಿ ಸಾಗಿದಳು. ಅಂಚಿನಲ್ಲಿ ನಿಂತಿದ್ದ ಮೇಡಂ ಬೇಡ ಬೇಡ ಎಂದು ಕೈಯಾಡಿಸಿದ್ದು ಅವಳಿಗೆ ಕಾಣಲಿಲ್ಲ. ಮೂರನೆಯ ಸುತ್ತು ಮುಗಿಯುವ ಮೊದಲೇ ಕಾಲು ಐಸಿಗೆ ತಗುಲಿತು. ಸೊಂಟ ಬಡಿದ ಸದ್ದು ಹಿಂದಿನ ಸಾಲಿನವರೆಗೂ ಕೇಳಿಸಿತು. ಎದ್ದು ಮುಂದುವರಿಸಿದಳಾದರೂ ಉಳಿದ ಜಂಪುಗಳಿಗೆ ಧೈರ್ಯ ಸಾಲಲಿಲ್ಲ.

ಆಮೇಲೆ ಅಕ್ಕ ಇಳಿದಳು. ಎರಡು ಸುತ್ತು. ಮತ್ತೆ ಎರಡೇ ಸುತ್ತು. ಒಂದೂ ತಪ್ಪಲಿಲ್ಲ, ಜಾಗ ಅವಳದಾಯಿತು. ಮೇಡಂ ಅವಳ ಬೆನ್ನು ತಟ್ಟಿ, ಹೇಳಿದ ಮಾತು ಕೇಳುವುದು ಅಂದರೆ ಹೀಗೆ ಎಂದು ಉಳಿದವರಿಗೆ ತೋರಿಸಿದಾಗ ಅಕ್ಕನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಉದ್ದಜಡೆ ಬಂದು ಕೈಕುಲುಕಿದಳು. ಅವಳು ವಾರ್ಮ್‌ಅಪ್‌ನಲ್ಲಿ ಯಾರನ್ನೂ ನೋಡಿರಲೇ ಇಲ್ಲವಂತೆ. ಬೂಟಿನ ಲೇಸು ಸಡಿಲವಾಗಿತ್ತಂತೆ.

ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ತಂಗಿ ಸೊಂಟಕ್ಕೆ ಐಸಿನ ಚೀಲ ಒತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದಳು. ಅಕ್ಕ ಬಂದು ಪಕ್ಕದಲ್ಲಿ ಕೂತದ್ದೇ ತಡ, ತಂಗಿ ನರಳುತ್ತ ನೆಲಕ್ಕಿಳಿದು ಅವಳ ಬೂಟು ಬಿಚ್ಚತೊಡಗಿದಳು.

"ಕಾಲು ಉಳುಕಿತಾ ಅಕ್ಕಾ? ವಾರ್ಮ್‌ಅಪ್‌ನಲ್ಲಿ ಅಷ್ಟು ಚೆನ್ನಾಗಿ ಹಾರಿ, ಆಮೇಲೆ ಎರಡಕ್ಕೇ ನಿಲ್ಲಿಸಿಬಿಟ್ಟೆ. ತೋರಿಸು, ಐಸ್ ಇಡ್ತೀನಿ."

ಹೂಂ ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಹೂಂ ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ತಂಗಿ ತನ್ನ ಸೊಂಟದ ಚೀಲ ತೆಗೆದು ಅಕ್ಕನ ಪಾದದ ಮೇಲಿಟ್ಟಳು. ಅಕ್ಕ ನಾಚಿಕೆಯಿಂದ ಕುಗ್ಗಿಹೋದಳು.

"ಏನೂ ಆಗಿಲ್ಲ ಕಣೇ. ಎರಡೇ ಹಾಕೋದು ಅಂತಲೇ ಇದ್ದೆ. ಅಲ್ಲಿ ಸುಮ್ನೆ ಹಾರಿದ್ದು."

ತಂಗಿಯ ಕೈ ಇನ್ನೊಂದು ಬೂಟಿನ ಲೇಸಿನ ಮೇಲೇ ನಿಂತಿತು.

"ಹಾರಿದ ಮೇಲೆ ನನ್ನ ಕಡೆ ನೋಡಿದ್ಯಲ್ಲ," ಎಂದಳು. "ನೀನೂ ಹಾಕು, ನಿನ್ನ ಕೈಲಿ ಆಗುತ್ತೆ ಅಂತಿದ್ದೀಯ ಅಂದ್ಕೊಂಡೆ."

ಅಕ್ಕ ಮುಖ ಬೇರೆಡೆ ತಿರುಗಿಸಿದಳು. ತಂಗಿ ಐಸಿನ ಚೀಲ ವಾಪಸ್ ತೆಗೆದುಕೊಂಡು, ಬೆಂಚಿನ ಆ ತುದಿಗೆ ಹೋಗಿ ಕೂತಳು.