ಗುಂಡಿ ಡಬ್ಬಿಯ ಮಾತ್ರೆಗಳು

ನಮ್ಮ ಬೀದಿಯ ಟೈಲರ್ ಮಾಸ್ಟ್ರಿಗೆ ಏನನ್ನೂ ಎಸೆದು ಗೊತ್ತಿಲ್ಲ. ಬಟ್ಟೆ ಕತ್ತರಿಸಿ ಉಳಿದ ಚೂರು ಜೇಬಿನ ಒಳಪದರವಾಗುತ್ತದೆ. ಅದರಿಂದಲೂ ಉಳಿದದ್ದು ಮಷಿನ್ ಒರೆಸಲು ಬರುತ್ತದೆ. ಹಳೇ ಅಂಗಿಗಳಿಂದ ಬಿಚ್ಚಿದ ಗುಂಡಿಗಳೆಲ್ಲ ಒಂದು ತಗಡಿನ ಡಬ್ಬಿಯಲ್ಲಿ ಬೆಚ್ಚಗೆ ಕೂತಿವೆ. ಗುಂಡಿಗಳ ಜೊತೆ ಮಾತ್ರೆಗಳೂ ಇವೆ, ಮನೆಯಲ್ಲಿ ಯಾರದಾದರೂ ಕಾಯಿಲೆ ವಾಸಿಯಾದ ಮೇಲೆ ಉಳಿದವು. ಬೀದಿಯಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ಮಾಸ್ಟ್ರು ಡಬ್ಬಿ ಅಲ್ಲಾಡಿಸುತ್ತಾ, "ಇದೊಂದು ನುಂಗಿ ನೋಡಿ" ಎನ್ನುತ್ತಾರೆ. ಒಳ್ಳೆಯ ಮನುಷ್ಯ, ಕೇಳಿದವರಿಗೂ ಕೊಡುತ್ತಾರೆ, ಕೇಳದವರಿಗೂ ಕೊಡುತ್ತಾರೆ.

ಒಂದು ಬೆಳಿಗ್ಗೆ ಆರೋಗ್ಯ ಕೇಂದ್ರದ ನರ್ಸಮ್ಮ ರವಿಕೆಯ ತೋಳು ಸಡಿಲ ಮಾಡಿಸಲು ಅಂಗಡಿಗೆ ಬಂದರು. ಅವರ ದನಿ ಒಡೆದುಹೋಗಿತ್ತು.

"ಗಂಟಲು ಕಟ್ಟಿದೆಯಲ್ಲ ನರ್ಸಮ್ಮ! ತಡೀರಿ, ನನ್ನ ಹತ್ರ ಒಳ್ಳೇ ಮಾತ್ರೆ ಇದೆ."

"ನಂಗೇ ಔಷಧಿ ಕೊಡ್ತೀರಾ ಮಾಸ್ಟ್ರೇ? ಇನ್ನು ನಾನು ಹೊಲಿಗೆ ಕಲಿಯೋದೇ ಸರಿ" ಎಂದು ನರ್ಸಮ್ಮ ನಕ್ಕರು. ಆದರೆ ಮಾಸ್ಟ್ರು ಕೊಟ್ಟ ಮಾತ್ರೆಯ ಹಾಳೆಯನ್ನು ತಿರುಗಿಸಿ ನೋಡುತ್ತಲೇ ನಗು ನಿಂತಿತು. "ಇದು ಆಂಟಿಬಯೋಟಿಕ್. ಯಾರಿಗೆ ಕೊಟ್ಟಿದ್ದು?"

"ನಮ್ಮ ಬುಗುರಿಗೆ. ಹೋದ ತಿಂಗಳು ಗಂಟಲು ಊದಿ ಜ್ವರ ಬಂದಿತ್ತು. ಡಾಕ್ಟರು ಒಂದು ರಾಶಿ ಬರ್ಕೊಟ್ರು. ಎರಡೇ ದಿನಕ್ಕೆ ಹುಡುಗಿ ಚಿಗುರಿಬಿಟ್ಳು. ಆಮೇಲೆ ಸುಮ್ನೆ ಯಾಕೆ ನುಂಗಿಸೋದು ಅಂತ ಎತ್ತಿಟ್ಟೆ."

ಬುಗುರಿ ಎಂದರೆ ಮಾಸ್ಟ್ರ ಒಬ್ಬಳೇ ಮಗಳು. ಕೂತಲ್ಲಿ ಕೂರದೆ ಸುತ್ತುವುದಕ್ಕೇ ಆ ಹೆಸರು ಬಂದದ್ದು. ಆ ದಿನ ಮಾತ್ರ ಬಟ್ಟೆ ಗಂಟುಗಳ ಪಕ್ಕದ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದಳು.

"ಯಾಕಮ್ಮ, ಸ್ಕೂಲಿಗೆ ಹೋಗಿಲ್ವಾ?"

"ಕಾಲು ನೋವು ಆಂಟಿ. ಮೊದಲು ಈ ಮಂಡಿ ನೋಯ್ತಿತ್ತು. ಈಗ ಅದು ಸ್ವಲ್ಪ ಪರವಾಗಿಲ್ಲ, ಆ ಮಂಡಿ ಹಿಡ್ಕೊಂಡಿದೆ."

ಅಂಗಡಿಗೆ ಅಂಟಿದ ಮನೆಯೊಳಗಿನಿಂದ ಬುಗುರಿಯ ಅಜ್ಜಿಯ ದನಿ ಬಂತು. "ಮೆಟ್ಟಿಲ ಮೇಲಿಂದ ಹಾರಿದ್ರೆ ಇನ್ನೇನಾಗುತ್ತೆ? ಬೆಳೆಯೋ ಮಕ್ಕಳು, ಕಾಲು ನೋವು ಇದ್ದದ್ದೇ."

ನರ್ಸಮ್ಮ ಬಗ್ಗಿ ಮಂಡಿ ಮುಟ್ಟಿ ನೋಡಿದರು. ಊದಿಕೊಂಡಿತ್ತು, ಬಿಸಿಯಾಗಿತ್ತು. "ಮಾಸ್ಟ್ರೇ, ಇವತ್ತೇ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಹೃದಯ ಪರೀಕ್ಷೆ ಮಾಡಿಸಬೇಕು."

ಮಾಸ್ಟ್ರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. "ಮಂಡಿ ನೋವಿಗೆ ಹೃದಯನಾ? ತೋಳು ಬಿಗಿ ಅಂತ ಬಂದೋರಿಗೆ ನಾನು ಪ್ಯಾಂಟಿನ ಸೊಂಟ ಬಿಚ್ಚಿದ ಹಾಗಾಯ್ತು!"

ಮಷಿನ್ ಮೇಲೆ ಅರ್ಧ ಹೊಲಿದ ನೀಲಿ ಅಂಗಿಯೊಂದಿತ್ತು. ನರ್ಸಮ್ಮ ಅದನ್ನು ತೋರಿಸಿ, "ಇದು ಯಾರದು?" ಎಂದರು.

"ಗಿರಣಿ ಕಾವಲುಗಾರರದು. ಸಂಜೆ ಒಳಗೆ ಕೊಡಬೇಕು."

"ಒಬ್ಬ ಕಳ್ಳ ಇದನ್ನ ಹಾಕ್ಕೊಂಡು ಗೇಟಿಗೆ ಹೋದ್ರೆ?"

"ಸಲಾಂ ಹೊಡೆದು ಒಳಗೆ ಬಿಡ್ತಾರೆ. ಅದಕ್ಕೇ ಈ ಬಟ್ಟೆಯ ಒಂದು ಗೇಣನ್ನೂ ನಾನು ಹೊರಗೆ ಕೊಡಲ್ಲ."

"ನಿಮ್ಮ ಮಗಳ ಗಂಟಲಿಗೆ ಬಂದಿದ್ದು ಅಂಥ ಕಳ್ಳನೇ ಇರಬೇಕು. ನಮ್ಮ ರಕ್ತದಲ್ಲಿ ಬಿಳಿ ಕಣ ಅಂತ ಇರುತ್ತೆ. ಅವೇ ಕಾವಲುಗಾರರು. ಹೊರಗಿಂದ ಬ್ಯಾಕ್ಟೀರಿಯಾ ಬಂದ್ರೆ ಹಿಡಿದು ನುಂಗಿಹಾಕ್ತವೆ. ಆದ್ರೆ ಗಂಟಲಿಗೆ ಬರೋ ಒಂದು ಜಾತಿ ಬ್ಯಾಕ್ಟೀರಿಯಾ ಬಲು ಕಿಲಾಡಿ. ಅದರ ಮೈಮೇಲಿನ ಹೊದಿಕೆ ನಮ್ಮ ಮೈಯದೇ ಥರ ಇರುತ್ತೆ. ಕಾವಲುಗಾರರಿಗೆ ಚಳ್ಳೆಹಣ್ಣು ತಿನ್ನಿಸಿ ಒಳಗೆ ಕೂತು, ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತೆ. ವಿಷ ಕಾರುತ್ತೆ. ಗಂಟಲು ಊದೋದು, ಜ್ವರ ಬರೋದು ಆಗಲೇ."

"ಕಾವಲುಗಾರರಿಗೆ ಗೊತ್ತೇ ಆಗಲ್ವಾ?"

"ತಡವಾಗಿ ಗೊತ್ತಾಗುತ್ತೆ. ಆಮೇಲೆ ರೊಚ್ಚಿಗೇಳ್ತಾರೆ. ನೀಲಿ ಅಂಗಿ ಕಂಡ್ರೆ ಸಾಕು, ಹಿಡಿದು ಬಡಿಯೋದೇ. ತಮ್ಮವರು ಯಾರು, ಕಳ್ಳ ಯಾರು ಅಂತ ನೋಡಲ್ಲ. ಅದೇ ಥರದ ಅಂಗಿ ತೊಟ್ಟ ನಮ್ಮ ಮಂಡಿಗೂ ಏಟು, ಹೃದಯಕ್ಕೂ ಏಟು. ಮಂಡಿ ಸುಧಾರಿಸಿಕೊಳ್ಳುತ್ತೆ. ಹೃದಯದ ಒಳಗೆ ರಕ್ತ ಹಿಂದಕ್ಕೆ ಹರಿಯದ ಹಾಗೆ ತಡೆಯೋ ಕವಾಟ ಕೆಟ್ಟರೆ ಕಷ್ಟ."

ಮಾಸ್ಟ್ರು ಅಷ್ಟು ಸುಲಭಕ್ಕೆ ಒಪ್ಪುವವರಲ್ಲ. "ಎರಡು ದಿನಕ್ಕೇ ಜ್ವರ ಬಿಡ್ತಲ್ಲ? ಕಳ್ಳ ಕಾಲಿಗೆ ಬುದ್ಧಿ ಹೇಳಿದ ಅಂತ ತಾನೇ?"

"ಗಲಾಟೆ ನಿಂತ ಮಾತ್ರಕ್ಕೆ ಮನೆ ಖಾಲಿ ಆಯ್ತು ಅಂತ ಅಲ್ಲ. ಎರಡು ದಿನದ ಮಾತ್ರೆಗೆ ಎದುರು ಸಿಕ್ಕಿದವು ಸತ್ತವು, ಸಂದಿಗೊಂದಿಯಲ್ಲಿ ಇದ್ದವು ಉಳಿದವು. ಡಾಕ್ಟರು ಅಷ್ಟು ಮಾತ್ರೆ ಬರೆದಿದ್ದು ಅವಕ್ಕೇ."

ಅಜ್ಜಿ ಬಾಗಿಲಿಗೆ ಬಂದರು. "ನಮ್ಮ ಕಾಲದಲ್ಲಿ ಉಪ್ಪುನೀರು ಮುಕ್ಕಳಿಸಿದ್ರೆ ಮುಗೀತಿತ್ತು."

"ಎಷ್ಟೋ ಗಂಟಲು ನೋವು ಈಗಲೂ ತಾನಾಗೇ ಹೋಗುತ್ತೆ ಅಜ್ಜಿ. ಅವು ವೈರಸ್‌ನಿಂದ ಬರೋದು, ಅವಕ್ಕೆ ಈ ಮಾತ್ರೆ ಏನೂ ಮಾಡಲ್ಲ. ನನ್ನ ಗಂಟಲಂತೂ ನಿನ್ನೆ ಲಸಿಕೆ ಹಾಕೋವಾಗ ಮಕ್ಕಳನ್ನ ಕೂಗಿ ಕೂಗಿ ಕಟ್ಟಿರೋದು! ಯಾವುದು ಯಾವ ನೋವು ಅಂತ ಡಾಕ್ಟರೇ ನೋಡಿ ಹೇಳಬೇಕು. ಡಬ್ಬಿ ನೋಡಿ ಹೇಳಕ್ಕಾಗಲ್ಲ." ನರ್ಸಮ್ಮ ಡಬ್ಬಿಯಲ್ಲಿದ್ದ ಮಾತ್ರೆಗಳನ್ನೆಲ್ಲ ಹೆಕ್ಕಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಗುಂಡಿಗಳನ್ನು ಮಾತ್ರ ಬಿಟ್ಟರು.

"ಸರಿ, ನಾಳೆ ಹೋಗ್ತೀನಿ. ಈ ಅಂಗಿಗಳೊಂದು ಮುಗೀಲಿ" ಎಂದು ಮಾಸ್ಟ್ರು ಮತ್ತೆ ಮಷಿನ್ ತುಳಿಯತೊಡಗಿದರು.

ಬುಗುರಿ ನೀರು ಕುಡಿಯಲು ಎದ್ದಳು. ಅಂಗಡಿಯಿಂದ ಮನೆಯೊಳಕ್ಕೆ ಇರುವುದು ಎರಡೇ ಮೆಟ್ಟಿಲು. ಅವನ್ನು ಹತ್ತಿ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು. ಓಡಿ ಬಂದವಳ ಹಾಗೆ ಏದುಸಿರು ಬಿಡುತ್ತಿದ್ದಳು. ಅಟ್ಟದ ತನಕ ಒಂದೇ ಉಸಿರಿಗೆ ಹತ್ತುತ್ತಿದ್ದ ಹುಡುಗಿ! ಮಾಸ್ಟ್ರು ಹೊಲಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಮಗಳನ್ನು ಹೆಗಲಿಗೆ ಹಾಕಿಕೊಂಡು ನರ್ಸಮ್ಮನ ಹಿಂದೆಯೇ ನಡೆದರು. ಚಪ್ಪಲಿ ಮೆಟ್ಟಿಲ್ಲವೆಂಬುದು ಆರೋಗ್ಯ ಕೇಂದ್ರ ತಲುಪಿದ ಮೇಲೆ ಗೊತ್ತಾಯಿತು.

ಡಾಕ್ಟರು ಬುಗುರಿಯ ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. ಮಾಸ್ಟ್ರು ಅವರ ಮುಖವನ್ನೇ ನೋಡುತ್ತಾ ನಿಂತರು. ನಂತರ ದೊಡ್ಡ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ, ಹೃದಯದ ಸ್ಕ್ಯಾನಿಂಗ್ ಎಲ್ಲ ಆಯಿತು. ನರ್ಸಮ್ಮ ಹೇಳಿದ್ದು ನಿಜವಾಗಿತ್ತು.

"ಒಂದು ಕವಾಟ ಸ್ವಲ್ಪ ಸೋರ್ತಾ ಇದೆ" ಎಂದರು ಅಲ್ಲಿನ ಡಾಕ್ಟರು. "ಬೇಗ ಬಂದಿದ್ದೀರಿ, ಒಳ್ಳೇದಾಯ್ತು. ಔಷಧಿ, ವಿಶ್ರಾಂತಿ ಸರಿಯಾಗಿ ಆದ್ರೆ ಇದು ಕಡಿಮೆ ಆಗಬಹುದು. ಆದರೆ ಆ ಬ್ಯಾಕ್ಟೀರಿಯಾ ಮತ್ತೆ ಗಂಟಲಿಗೆ ಬರಬಾರದು. ಬಂದ್ರೆ ಪ್ರತಿ ಸಲವೂ ಹೃದಯಕ್ಕೆ ಇನ್ನಷ್ಟು ಏಟು. ಅದಕ್ಕೆ ಕೆಲವು ವಾರಕ್ಕೊಮ್ಮೆ ಇಂಜೆಕ್ಷನ್ ಹಾಕಿಸಬೇಕು. ವರ್ಷಗಟ್ಟಲೆ, ಒಂದೂ ತಪ್ಪದ ಹಾಗೆ."

ಮಾಸ್ಟ್ರಿಗೆ ಅಳು ಬಂತು. ಮಗಳ ಮುಂದೆ ಅಳಬಾರದೆಂದು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತರು. ನಾಲ್ಕು ಮಾತ್ರೆ ಉಳಿಸಲು ಹೋಗಿ ಏನನ್ನು ಕಳೆದುಕೊಳ್ಳಲಿದ್ದೆ ಎಂದು ತಮ್ಮನ್ನೇ ಬೈದುಕೊಂಡರು.

ತಿಂಗಳುಗಳು ಕಳೆದವು. ಮಂಡಿಯ ಊತ ಇಳಿಯಿತು, ಏದುಸಿರು ನಿಂತಿತು. ಓಡಾಡಲಿ ಎಂದು ಡಾಕ್ಟರು ಒಪ್ಪಿಗೆ ಕೊಟ್ಟದ್ದೇ ತಡ, ಬುಗುರಿ ಮತ್ತೆ ಸುತ್ತತೊಡಗಿದಳು. ಇಂಜೆಕ್ಷನ್ ದಿನ ಬಂತೆಂದರೆ ಮಾತ್ರ ನೇತುಹಾಕಿದ ಅಂಗಿಗಳ ಹಿಂದೆ ಅಡಗಿಕೊಳ್ಳುತ್ತಾಳೆ. ಮೊನ್ನೆಯೂ ಅಷ್ಟೇ. ಅಂಗಿಗಳ ಕೆಳಗೆ ಎರಡು ಪುಟ್ಟ ಪಾದ ಕಾಣುತ್ತಿದ್ದವು.

"ಸೂಜಿ ತುಂಬಾ ನೋಯುತ್ತೆ. ನಾನು ಚೆನ್ನಾಗೇ ಇದೀನಲ್ಲ ಅಪ್ಪ!"

ಒಂದು ಕಾಲದಲ್ಲಿ ಉಪ್ಪುನೀರು ಸಾಕು ಎಂದಿದ್ದ ಅಜ್ಜಿ ಆಗಲೇ ಚಪ್ಪಲಿ ಮೆಟ್ಟಿ ಬೀದಿಯಲ್ಲಿ ಕಾಯುತ್ತಿದ್ದರು. ಮಾಸ್ಟ್ರು ಕಾದಿದ್ದ ಗಿರಾಕಿಯನ್ನು ಆಮೇಲೆ ಬನ್ನಿ ಎಂದು ಕಳಿಸಿ, ಅಂಗಿಗಳನ್ನು ಸರಿಸಿ, ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ನೀನು ಚೆನ್ನಾಗಿದೀಯಲ್ಲ, ಹೀಗೇ ಇರಬೇಕು ಅಂತಲೇ ಹೋಗೋದು ಕಣಮ್ಮ. ನೋವಾದ್ರೆ ನನ್ನ ಕೈ ಹಿಂಡು. ಎಷ್ಟು ಬೇಕಾದ್ರೂ ಹಿಂಡು."

ಬುಗುರಿ ಕೈ ಚಾಚಿದಳು. ಮೂವರೂ ಹೊರಟರು.

ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರೇ, ಅಜ್ಜಿ ತಾತಂದಿರೇ, ನಿಮ್ಮ ಮನೆಯ ಮಗುವಿಗೆ ಗಂಟಲು ನೋವಿನ ಜೊತೆ ಜ್ವರ ಬಂದರೆ ಡಾಕ್ಟರಿಗೆ ತೋರಿಸಿ. ಅವರು ಆಂಟಿಬಯೋಟಿಕ್ ಕೊಟ್ಟರೆ, ಮಗು ಕುಣಿದಾಡುತ್ತಿದ್ದರೂ ಅವರು ಹೇಳಿದ ಕೊನೆಯ ಮಾತ್ರೆಯ ತನಕ ನುಂಗಿಸಿ. ಕೊಡದಿದ್ದರೆ ನೀವಾಗಿ ಕೊಡಬೇಡಿ, ಒಬ್ಬರ ಮಾತ್ರೆಯನ್ನು ಇನ್ನೊಬ್ಬರಿಗೆ ದಾನ ಮಾಡಬೇಡಿ. ಗಂಟಲು ನೋವು ಬಂದುಹೋದ ಕೆಲವು ವಾರಗಳಲ್ಲಿ ಮಗುವಿನ ಮಂಡಿ, ಮೊಣಕೈ ಊದಿದರೆ, ಮಗು ಸುಮ್ಮನೆ ಏದುಸಿರು ಬಿಟ್ಟರೆ, ನಾಳೆ ನೋಡೋಣ ಎನ್ನಬೇಡಿ. ತಪ್ಪಿದ ಹೊಲಿಗೆಯನ್ನು ಮಾಸ್ಟ್ರು ಬಿಚ್ಚಿ ಮತ್ತೆ ಹಾಕಿಕೊಡುತ್ತಾರೆ. ಮಗುವಿನ ಹೃದಯ ಹಾಗಲ್ಲ, ಇವತ್ತೇ ಕರೆದುಕೊಂಡು ಹೋಗಿ.